ಹೊಸ್ತಿಲ ಮೇಲಿನ ಹಿಡಿ ರಾಗಿ

ನಮ್ಮಪ್ಪ ತನ್ನದನ್ನೆಲ್ಲ ದಾನ ಮಾಡಿಬಿಡುತ್ತಾನಂತೆ ಎಂಬ ಸುದ್ದಿ ಹೊರಬಿದ್ದಾಗ ಬಂಗಾರಪೇಟೆಯಲ್ಲಿ ಯಾರೂ ಕೈ ಮುಗಿಯಲಿಲ್ಲ. ನಕ್ಕರು. ಸ್ಟೇಷನ್ನಿನ ಎದುರಿನ ಕಾಫಿ ಹೋಟೆಲಿನಲ್ಲಿ, ಹುಣಸೇಹಣ್ಣಿನ ಮಂಡಿಯಲ್ಲಿ, ಕೆ.ಜಿ.ಎಫ್.ಗೆ ಹೋಗುವ ರೈಲಿನಲ್ಲಿ ಅದೇ ಮಾತು. ಇನ್‌ಕಮ್ ಟ್ಯಾಕ್ಸಿನವರಿಗೆ ಹೆದರಿ ಮಾಡುತ್ತಿದ್ದಾನೆ ಎಂದರು ಕೆಲವರು. ಎಲೆಕ್ಷನ್ನಿಗೆ ನಿಲ್ಲುವ ಹುನ್ನಾರ ಎಂದರು ಇನ್ನು ಕೆಲವರು. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎನ್ನುವುದಂತೂ ಎಲ್ಲರ ಬಾಯಲ್ಲೂ ಇತ್ತು. ನಮ್ಮದು ಆಂಧ್ರದ ಗಡಿಯಲ್ಲವೆ, ಬೈಯಲು ಒಂದು ಭಾಷೆ ಸಾಲದು. ‘ಆವುನು ಚಂಪಿ ಚೆಪ್ಪುಲು ದಾನಂ’ ಎಂದು ತೆಲುಗಿನಲ್ಲೂ ಅಂದರು. ಹಸುವನ್ನು ಕೊಂದು ಅದರ ಚರ್ಮದ ಚಪ್ಪಲಿಯನ್ನು ದಾನ ಮಾಡಿದ ಹಾಗೆ ಎಂದರ್ಥ.

ನನಗೆ ಆಗ ಹೊಸದಾಗಿ ಮದುವೆಯಾಗಿತ್ತು. ಗಂಡ ಕೋಲಾರದಲ್ಲಿ ಮೇಷ್ಟರು. ತವರಿಗೆ ಬಂದಾಗಲೆಲ್ಲ ಈ ಮಾತುಗಳು ಕಿವಿಗೆ ಬೀಳುತ್ತಿದ್ದವು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊಡದಿದ್ದರೆ ಜಿಪುಣ, ಕೊಟ್ಟರೆ ಕಳ್ಳ, ಇದೆಂಥ ಊರಪ್ಪ ಎಂದುಕೊಳ್ಳುತ್ತಿದ್ದೆ. ಹಸು ಯಾವುದು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಇನ್ನೂ ಬಂದಿರಲಿಲ್ಲ.

ಅಪ್ಪ ಚಿನ್ನದ ಗಣಿಗೆ ಆಳು ಒದಗಿಸುವ ಕಂಟ್ರಾಕ್ಟರ್ ಆಗಿದ್ದ. ಕಾಮಸಮುದ್ರ, ಬೇತಮಂಗಲದ ಕಡೆಯ ಹಳ್ಳಿಗಳಿಂದ ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿ ಗಣಿಯೊಳಕ್ಕೆ ಇಳಿಸುವುದು, ಅವರ ಕೂಲಿಯಲ್ಲಿ ತನ್ನ ಪಾಲು ಹಿಡಿದುಕೊಳ್ಳುವುದು, ಇಷ್ಟೇ ವ್ಯಾಪಾರ. ಅದರಿಂದಲೇ ಬಂಗಾರಪೇಟೆಯಲ್ಲಿ ಎಣ್ಣೆ ಮಿಲ್ಲಾಯಿತು, ಆಂಡರ್ಸನ್‌ಪೇಟೆಯಲ್ಲಿ ಸಾಲುಮನೆಗಳಾದವು, ನಾನು ಹುಟ್ಟಿ ಬೆಳೆದ ದೊಡ್ಡ ಮನೆಯಾಯಿತು. ಒಳಗೆ ಇಳಿದ ಹುಡುಗರು ಕೆಲವು ವರ್ಷಗಳಾದ ಮೇಲೆ ಕಲ್ಲುಧೂಳು ಕುಡಿದ ಎದೆ ಹೊತ್ತುಕೊಂಡು ಹಳ್ಳಿಗೆ ಮರಳುತ್ತಿದ್ದರು. ಅವರು ಕೆಮ್ಮುವುದು ನಮ್ಮ ಮನೆಗೆ ಕೇಳಿಸುತ್ತಿರಲಿಲ್ಲ.

ಅಪ್ಪನಿಗೆ ಕೇಳಿಸಿದ್ದು ಸ್ಟೇಷನ್ನಿನಲ್ಲಂತೆ. ಅಮ್ಮ ಹೇಳಿದ್ದು ಇದು. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಮುದುಕ ಬಗ್ಗಿ ಕೆಮ್ಮುತ್ತಿದ್ದ. ಅಪ್ಪ ಭಿಕ್ಷುಕನೆಂದುಕೊಂಡು ಕಾಸು ಕೊಡಲು ಹೋದ. ಆ ಮುದುಕ ತಲೆ ಎತ್ತಿ, "ಧಣಿ, ಗುರ್ತು ಸಿಗಲಿಲ್ವಾ? ನೀವೇ ಅಲ್ವಾ ಒಳಕ್ಕೆ ಕಳ್ಸಿದ್ದು" ಎಂದನಂತೆ. ಮುದುಕನೇ ಅಲ್ಲ ಅವನು, ಅಪ್ಪನಿಗಿಂತ ಎಷ್ಟೋ ಚಿಕ್ಕವನು. ಅಂದಿನಿಂದ ಅಪ್ಪನಿಗೆ ಊಟ ಸೇರಲಿಲ್ಲ. ಕಂಟ್ರಾಕ್ಟು ಬಿಟ್ಟ. ಸಾಲುಮನೆಗಳನ್ನು ಮಾರಿದ. ಮಿಲ್ಲಿನ ಹುಟ್ಟುವಳಿಯನ್ನೆಲ್ಲ ಧರ್ಮಕ್ಕೆ ಬರೆದುಕೊಟ್ಟ. ನಮ್ಮ ದೊಡ್ಡ ಮನೆಯನ್ನು ಬಡವರ ಹೆಂಗಸರಿಗಾಗಿ ಪುಕ್ಕಟೆ ಹೆರಿಗೆ ಮನೆ ಮಾಡಿ, ತಾನು ಅಮ್ಮನನ್ನು ಕರೆದುಕೊಂಡು ಮಿಲ್ಲಿನ ಹಿಂದಿನ ಎರಡು ಕೋಣೆಗಳಿಗೆ ಹೊರಟುಹೋದ.

ಹೆರಿಗೆ ಮನೆ ಶುರುವಾದ ದಿನ ಊಟ ಹಾಕಿಸಿದ. ಜನ ಬಂದದ್ದೇನು, ಚಪ್ಪರ ಸಾಲಲಿಲ್ಲ. ಪಾಯಸ ಎರಡೆರಡು ಸಲ ಬಡಿಸಿಕೊಂಡರು. ಉಂಡು ಕೈ ತೊಳೆದವರು ಒಬ್ಬೊಬ್ಬರಾಗಿ ಬಾಗಿಲ ಹತ್ತಿರ ಹೋಗಿ, ಸೆರಗಿನ ಗಂಟು ಬಿಚ್ಚಿ, ಹೊಸ್ತಿಲ ಮೂಲೆಯಲ್ಲಿ ಒಂದು ಹಿಡಿ ರಾಗಿ ಸುರಿದು ಹೋಗುತ್ತಿದ್ದರು. ಗಂಡಸರು ಟವಲಿನ ತುದಿಯಿಂದ ಬಿಚ್ಚಿ ಸುರಿದರು. ನೋಡನೋಡುತ್ತಿದ್ದಂತೆ ಅಲ್ಲೊಂದು ಸಣ್ಣ ರಾಶಿಯೇ ಆಯಿತು. ನನಗೆ ಹಿಗ್ಗೋ ಹಿಗ್ಗು. ಅಪ್ಪನ ಬಳಿಗೆ ಓಡಿದೆ. "ನೋಡಪ್ಪ, ನಿನಗೇಂತ ರಾಗಿ ತಂದವ್ರೆ. ನಮ್ಮ ಜನಕ್ಕೆ ಉಪಕಾರ ಗೊತ್ತಾಗೋದಿಲ್ಲ ಅಂದ್ಕೊಂಡಿದ್ದೆ ನಾನು" ಎಂದೆ. ಅಪ್ಪ ಆ ರಾಶಿಯನ್ನು ನೋಡಿದ. ಮುಖದಲ್ಲಿ ನೆತ್ತರು ಇಂಗಿಹೋಯಿತು. ಚಪ್ಪರದ ಹಿಂದಕ್ಕೆ ನಡೆದುಬಿಟ್ಟ.

ಹೆರಿಗೆ ಮನೆಯಲ್ಲಿ ಕೆಲಸಕ್ಕೆ ಸೇರಿದ್ದ ಆಯಾ ಕಾಮಸಮುದ್ರದ ಕಡೆಯ ವಿಧವೆ. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಎಂಗ್ ಅಂದ್ಬುಟ್ರಲ್ಲಮ್ಮ ಧಣಿಗೆ! ದಾನ ಪುಕ್ಕಟೆ ತಗೊಂಡ್ರೆ ಕೊಟ್ಟೋರ ಪಾಪ ತಗೊಂಡೋರಿಗೆ ಅಂಟ್ಕೊಂತದೆ. ಅದುಕ್ಕೇ ಒಂದಿಡಿ ರಾಗಿ ಆಕಿದ್ರೆ ಕೊಂಡಂಗಾಯ್ತು. ದಾನ ಅಲ್ಲ, ಯಾಪಾರ. ಪಾಪ ಕೊಟ್ಟೋರ ತಾವೇ ಉಳ್ಕೊಂತದೆ."

ಭೂಮಿ ಬಾಯಿಬಿಡಬಾರದೆ ಎನ್ನುತ್ತಾರಲ್ಲ, ಆವತ್ತು ನನಗೆ ನಿಜವಾಗಿಯೂ ಹಾಗೆನ್ನಿಸಿತು. ಆ ರಾಶಿಯನ್ನು ಬೆರಳು ಮಾಡಿ ತೋರಿಸಿದವಳು ನಾನು, ಅದೂ ಹಲ್ಲು ಕಿರಿದುಕೊಂಡು.

ಆಮೇಲೆ ಹೆರಿಗೆ ಮನೆಗೆ ಜನ ಬರಲೇ ಇಲ್ಲ. ಊಟಕ್ಕಾದರೆ ಹಿಡಿ ರಾಗಿ ಸಾಕು, ಹುಟ್ಟುವ ಕೂಸಿಗೆ ಅಷ್ಟು ಸಾಕೋ ಸಾಲದೋ ಎಂಬ ಅನುಮಾನ. ಸೂಲಗಿತ್ತಿಯರು ಕೈಬಿಟ್ಟ ಮೇಲೆ, ಬೇರೆ ದಾರಿಯೇ ಇಲ್ಲದೆ ಗಾಡಿಯಲ್ಲಿ ಹೇರಿಕೊಂಡು ಬಂದವರಷ್ಟೇ ಬರುತ್ತಿದ್ದರು. ಅವರೂ ಮೊದಲು ಹೊಸ್ತಿಲಿಗೆ ರಾಗಿ ಸುರಿಯುತ್ತಿದ್ದರು. ಡಾಕ್ಟರಮ್ಮ, ನರ್ಸು ಖಾಲಿ ಮಂಚಗಳ ನಡುವೆ ಸುಮ್ಮನೆ ಓಡಾಡುತ್ತಿದ್ದರು. ಅಪ್ಪ ದಿನವಿಡೀ ಬಾಗಿಲಲ್ಲಿ ನಿಂತು, ಬಂದವರ ಹಿಂದೆ ಬೀಳುತ್ತಿದ್ದ. "ಬ್ಯಾಡ್ರವ್ವ, ರಾಗಿ ತಗೊಂಡೋಗಿ. ಇದು ನಿಮ್ದೇ, ನಿಮ್ಮನೇದೇ" ಎನ್ನುತ್ತಿದ್ದ.

ಒಮ್ಮೆ ನನ್ನ ಕಣ್ಣೆದುರಿಗೇ ನಡೆಯಿತು. ಆಗ ನಾನು ಬಸುರಿ, ತವರಿಗೆ ಬಂದಿದ್ದೆ. ಬೇತಮಂಗಲದ ಕಡೆಯ ಒಬ್ಬ ರೈತ ಸೊಸೆಯನ್ನು ಒಳಗೆ ಮಲಗಿಸಿ, ಹೊರಗೆ ಬಂದು ರಾಗಿ ಹಾಕಿದ. ಅಪ್ಪ ಅದನ್ನು ಬಾಚಿ ಅವನ ಟವಲಿಗೆ ಕಟ್ಟಲು ಹೋದ. ಅವನು ಟವಲನ್ನು ಕಿತ್ತುಕೊಂಡ. ರಾಗಿ ಜಗುಲಿಯ ತುಂಬ ಚೆಲ್ಲಿತು.

"ನನ್ ತಮ್ಮನ್ನ ಒಳಕ್ಕೆ ಕಳ್ಸಿದ್ರಿ ಧಣಿ. ಅವ್ನು ಕೆಮ್ಮಿ ಕೆಮ್ಮಿ ಸತ್ತ. ಈಗ ಅದ್ರ ಪಾಪಾನೂ ನಾವೇ ಒರ್ಬೇಕಾ?" ಎಂದ ಅವನು. ಜೋರಾಗಿ ಹೇಳಲಿಲ್ಲ, ದಾರಿ ಕೇಳುವವನ ಹಾಗೆ ಕೇಳಿದ.

ಅಪ್ಪ ಮಂಡಿಯೂರಿ ಚೆಲ್ಲಿದ ರಾಗಿಯನ್ನು ಗೋರತೊಡಗಿದ. ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ನಾನು ಕೈಯಲ್ಲಿದ್ದ ಬಳೆಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಮದುವೆಯಲ್ಲಿ ಅಪ್ಪ ಮೈತುಂಬ ಹಾಕಿದ ಚಿನ್ನ ಅದು. ಅದಕ್ಕೆ ನಾನು ಯಾವ ಹೊಸ್ತಿಲಿಗೂ ಒಂದು ಕಾಳು ಹಾಕಿರಲಿಲ್ಲ. ಇಡೀ ತಾಲ್ಲೂಕಿನಲ್ಲಿ ಅಪ್ಪ ಕೊಟ್ಟದ್ದನ್ನು ಪುಕ್ಕಟೆ ತೆಗೆದುಕೊಂಡವಳು ನಾನೊಬ್ಬಳೇ ಎಂದು ಆಗ ಹೊಳೆಯಿತು.

ಆವತ್ತು ಸಂಜೆ ಅಪ್ಪ ಮಿಲ್ಲಿನ ಕೋಣೆಯಲ್ಲಿ ಮುದ್ದೆ ಮುರಿಯುತ್ತ ಕೂತಿದ್ದವನು ಇದ್ದಕ್ಕಿದ್ದಂತೆ ಮುಖ ಅರಳಿಸಿದ.

"ನನ್ ಮಗಳೇ ಎರಿಗೆ ಮನೇಲಿ ಎತ್ರೆ? ಚೊಚ್ಚಲು ತವರಲ್ಲಿ ತಾನೆ ಆಗ್ಬೇಕು. ಅದೇ ಅವ್ಳ ತವರು ಮನೆ. ಕಂಟ್ರಾಕ್ಟರ್ ಮಗಳೇ ಪುಕ್ಕಟೆ ಮಲೀಕೊಂಡ್ಳು ಅಂದ್ರೆ ಆಮ್ಯಾಕೆ ಯಾರು ಬರಾಕಿಲ್ಲ?"

ಅಮ್ಮ ಒಲೆಯ ಮುಂದೆ ಇದ್ದಳು. ತಿರುಗಿ ನೋಡದೆ ಸೌದೆಯನ್ನು ಒಳಕ್ಕೆ ತಳ್ಳಿದಳು. ನಾನು ಹೂಂ ಎಂದೆ. ಸಂತೋಷದಿಂದಲೇ ಎಂದೆ. ಅಪ್ಪನ ಮಾನ ಉಳಿಸುವ ಅವಕಾಶ ನನ್ನ ಹೊಟ್ಟೆಯಲ್ಲಿದೆ ಎಂದು ಒಂದು ಬಗೆಯ ಜಂಬವೂ ಬಂದಿತ್ತು.

ನೋವು ಶುರುವಾದಾಗ ಮಧ್ಯಾಹ್ನದ ಹೊತ್ತು. ಜಟಕಾದಲ್ಲಿ ಹೊರಟೆವು. ಸುದ್ದಿ ನಮಗಿಂತ ಮೊದಲೇ ಹೋಗಿತ್ತು, ಬೀದಿಯ ಎರಡೂ ಬದಿಗೆ ಹೆಂಗಸರು ನಿಂತಿದ್ದರು. ಅಪ್ಪ ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ಕಾಯುತ್ತಿದ್ದ. ಅವನ ಮುಖದಲ್ಲಿ ಅಂಥ ನಗು ನಾನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ. ಅಮ್ಮ ನನ್ನನ್ನು ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ಮೆಟ್ಟಿಲು ಹತ್ತಿಸಿದಳು. ಹೊಸ್ತಿಲ ಮುಂದೆ ನಿಂತಳು. ತಾನು ಸೊಸೆಯಾಗಿ ಬಂದಾಗಿನಿಂದ ದಿನಾ ಅರಿಶಿನ ಬಳಿದು, ರಂಗೋಲಿ ಇಟ್ಟ ಹೊಸ್ತಿಲು ಅದು. ಅವಳು ಸೆರಗಿನ ಗಂಟು ಬಿಚ್ಚಿದಳು. ಒಂದು ಹಿಡಿ ರಾಗಿ ತೆಗೆದು ಮೂಲೆಗೆ ಸುರಿದಳು.

ಬೀದಿಯ ಹೆಂಗಸರು ಕತ್ತು ಚಾಚಿ ನೋಡಿದರು. ಅಪ್ಪನ ನಗು ಹಾಗೇ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲವೋ ಏನೋ.

"ಇದೇನೇ ಮಾಡ್ದೆ?" ಎಂದ.

"ನಿಮ್ಮ ಪಾಪ್ದಾಗೆ ಅರ್ಧ ನಂದು. ಎಂಡ್ತಿಯಾಗಿ ಅಷ್ಟೂ ವರ್ಷ ಉಂಡಿವ್ನಿ, ಅದು ನಂಗಿರ್ಲಿ, ಬ್ಯಾಡ ಅನ್ನಾಕಿಲ್ಲ" ಎಂದಳು ಅಮ್ಮ. ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು. "ಕೂಸೇನು ಮಾಡೈತೆ? ಅದುಕ್ಕೆ ಬ್ಯಾಡ."

ಅಮ್ಮನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನಗಾದದ್ದು ಸಮಾಧಾನ. ನೋವಿನ ನಡುವೆಯೂ, ಸದ್ಯ, ಯಾರಾದರೂ ಹಾಕಿದರಲ್ಲ ಎಂದು ಒಳಗೊಳಗೇ ಉಸಿರು ಬಿಟ್ಟೆ. ಓದಿದವಳು ನಾನು, ಮೇಷ್ಟರ ಹೆಂಡತಿ, ಹಳ್ಳಿಯವರ ಮೂಢನಂಬಿಕೆ ಎಂದು ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದವಳು. ಆ ರಾಗಿಯನ್ನು ದಾಟುವಾಗ ಅಪ್ಪನ ಮುಖ ನೋಡದೆ ತಲೆ ತಗ್ಗಿಸಿಕೊಂಡೇ ಒಳಗೆ ಹೋದೆ.

ಗಂಡು ಮಗು ಹುಟ್ಟಿತು. ನಾನು ಇನ್ನೂ ಮಂಚದ ಮೇಲಿರುವಾಗಲೇ ಹೆರಿಗೆ ಮನೆಗೆ ಹೆಂಗಸರು ಬರತೊಡಗಿದರು. ಕಾಮಸಮುದ್ರದಿಂದ ಗಾಡಿಯಲ್ಲಿ, ಆಂಡರ್ಸನ್‌ಪೇಟೆಯಿಂದ ರೈಲಿನಲ್ಲಿ. ಧಣಿಯ ಹೆಂಡತಿಯೇ ಹಾಕಿದ ಮೇಲೆ ಹಿಡಿ ರಾಗಿ ಸಾಕು ಎಂದು ಖಾತ್ರಿಯಾಗಿತ್ತು. ಈಗ ಯಾರೂ ಅಳುಕುತ್ತ ಹಾಕುತ್ತಿರಲಿಲ್ಲ. ದೇವಸ್ಥಾನದಲ್ಲಿ ಕಾಯಿ ಒಡೆಯುವಷ್ಟು ಸಲೀಸಾಗಿ ಸುರಿದು ಒಳಗೆ ಬರುತ್ತಿದ್ದರು. ಅಪ್ಪ ಯಾರನ್ನೂ ತಡೆಯುತ್ತಿಲ್ಲ, ಬಾಗಿಲಿಗೂ ಬರುತ್ತಿಲ್ಲ ಎಂದು ಆಯಾ ಹೇಳಿದಳು.

ಒಂದು ಬೆಳಿಗ್ಗೆ ಅಪ್ಪ ನನ್ನ ಕೋಣೆಗೆ ಬಂದ. ನಾನು ಚಿಕ್ಕವಳಿದ್ದಾಗ ಮಲಗುತ್ತಿದ್ದ ಕೋಣೆಯೇ ಅದು. ಅಮ್ಮ ತೊಟ್ಟಿಲ ಬಟ್ಟೆ ಮಡಿಸುತ್ತಿದ್ದಳು. ಅಪ್ಪ ಅವಳ ಕಡೆಗೆ ನೋಡಲಿಲ್ಲ.

"ಮಂಚ ಎಲ್ಲಾ ತುಂಬೋದ್ವು ಮಗಾ" ಎಂದ. "ಒಳ್ಳೇದಾಯ್ತು."

"ಎತ್ಕೊಳಪ್ಪ" ಎಂದು ಮಗುವನ್ನು ಮುಂದೆ ಚಾಚಿದೆ.

ಅವನು ಎರಡೂ ಕೈ ನೀಡಿದ. ಮಗುವಿಗೆ ತಾಗುವಷ್ಟು ಹತ್ತಿರ ಬಂದ ಕೈಗಳನ್ನು ಒಮ್ಮೆ ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡ.

"ಇರು, ಕೈ ತೊಳ್ಕೊಂಡ್ ಬತ್ತೀನಿ."

ಹಿತ್ತಲಲ್ಲಿ ಬಾವಿಯ ರಾಟೆ ಕಿರುಗುಟ್ಟಿತು. ನೀರು ಸುರಿದ ಸದ್ದಾಯಿತು. ಮತ್ತೆ ರಾಟೆ, ಮತ್ತೆ ನೀರು. ಕೈ ತೊಳೆಯಲು ಎಷ್ಟು ನೀರು ಬೇಕು? ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಗೋಡೆಯ ಕಡೆಗೆ ತಿರುಗಿ ಕೂತಳು. ಕೊನೆಗೆ ರಾಟೆ ನಿಂತಿತು. ಅಪ್ಪ ಬರುತ್ತಾನೆಂದು ಮಗುವನ್ನು ಮಡಿಲಿನಿಂದ ಎತ್ತಿ ಹಿಡಿದುಕೊಂಡೇ ಕಾದೆ.

ಆಯಾ ಬಂದಳು. "ಧಣಿ ಇತ್ಲಬಾಗ್ಲಿಂದ ಒಂಟೋದ್ರಮ್ಮ. ಮಗೂನ ಆಮ್ಯಾಕೆ ನೋಡ್ತೀನಿ ಅಂದ್ರು" ಎಂದಳು.

ಕಿಟಕಿಯಿಂದ ಕೂಗಿದ್ದರೆ ಕೇಳಿಸುವಷ್ಟು ದೂರದಲ್ಲೇ ಅವನು ನಡೆಯುತ್ತಿದ್ದ. ಒಗೆದ ಪಂಚೆ ಕಾಣುತ್ತಿತ್ತು, ಒದ್ದೆ ಕೈಗಳನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡಿದ್ದ. ನಾನು ಕೂಗಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು, ಮುಟ್ಟದೇ ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡೆ.