ಶೀನಣ್ಣನ ಚಪ್ಪಾಳೆ

ಬಜಗೋಳಿಯಲ್ಲಿ ಪಂಪು ಕೆಟ್ಟರೆ ಜನ ಶೀನಣ್ಣನನ್ನು ಹುಡುಕುತ್ತಾರೆ. ಮೋಟಾರ್ ವೈಂಡಿಂಗ್ ಅವನ ಕಸುಬು. ಆದರೆ ಚಳಿಗಾಲದ ಬೆಳಗಿನಲ್ಲಿ ಅವನ ಅಂಗಡಿಯ ಶಟರ್ ಮುಚ್ಚಿಯೇ ಇರುತ್ತದೆ. ಆ ಹೊತ್ತಿಗೆ ಅವನು ಕಾರ್ಕಳ ಪೇಟೆಯಂಚಿನ ಕೆರೆದಂಡೆಯಲ್ಲಿ ದುರ್ಬೀನು ಹಿಡಿದು ಕುಳಿತಿರುತ್ತಾನೆ.

ಈ ಹುಚ್ಚು ಅಂಟಿದ್ದು ಕುವೈಟಿನಲ್ಲಿ. ಅಲ್ಲಿ ಕೊಳಚೆನೀರು ಶುದ್ಧ ಮಾಡುವ ಕಡೆ ಅವನು ಪಂಪು ನೋಡಿಕೊಳ್ಳುತ್ತಿದ್ದ. ಮರಳಿನ ನಡುವೆ ಆ ನೀರು ನಿಲ್ಲುವ ಹೊಂಡಕ್ಕೆ ಬೇಸಿಗೆಯ ಕೊನೆಯಲ್ಲಿ ಬಾತುಗಳು ಇಳಿದು, ಸ್ವಲ್ಪ ದಣಿವಾರಿಸಿಕೊಂಡು ಮಾಯವಾಗುತ್ತಿದ್ದವು. ಅವು ಹೋಗುವುದು ನಮ್ಮ ಊರಿನ ಕಡೆಗೇ ಎಂದು ಜೊತೆಗಿದ್ದ ಮಲಯಾಳಿ ಮ್ಯಾಥ್ಯೂ ಹೇಳಿದ್ದ. ಶೀನ ನಂಬಿರಲಿಲ್ಲ. ಕೆಲಸ ಬಿಟ್ಟು ಊರಿಗೆ ಮರಳಿದ ವರ್ಷ ಕಾರ್ಕಳದ ಕೆರೆಯಲ್ಲಿ ಅದೇ ಕಂದು ಮೈ, ಅದೇ ಬಿಳಿಹುಬ್ಬಿನ ಬಾತುಗಳನ್ನು ಕಂಡಾಗ, ಪರದೇಶದಲ್ಲಿ ಒಂದೇ ರೂಮಿನಲ್ಲಿದ್ದವರು ಮನೆಬಾಗಿಲಿಗೆ ಬಂದು ನಿಂತ ಹಾಗಾಗಿ ಅವನ ಕಣ್ಣು ತುಂಬಿತ್ತು.

ಅಂದಿನಿಂದ ಕೆರೆಗೆ ಅವನೇ ಕಾವಲು. ಕಲ್ಲೆಸೆದ ಹುಡುಗರನ್ನು ಗದರಿದ. ದಂಡೆಯಲ್ಲಿ ಹುಟ್ಟುಹಬ್ಬದ ಪಟಾಕಿ ಸಿಡಿಸಿದ ಗೆಳೆಯ ಧನರಾಜನ ಜೊತೆ ಮಾತೇ ಬಿಟ್ಟ. ಅವನೆದುರು ಜೋರಾಗಿ ಕೆಮ್ಮಲೂ ಜನ ಹಿಂಜರಿಯುತ್ತಿದ್ದರು.

ಹೋದ ವರ್ಷ ಫೆಬ್ರವರಿಯಲ್ಲಿ ಮಣಿಪಾಲದಿಂದ ಚೈತಾಲಿ ಬಂದಳು. ಊರಿನ ಸಾಮಾನ್ಯ ಜನರ ಬಗ್ಗೆ ಚಿಕ್ಕ ಚಿಕ್ಕ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗಿ ಅವಳು. ಶೀನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆರೆಗೆ ಹೋದ. ಕುವೈಟಿನ ಕಥೆಯನ್ನೆಲ್ಲ ಹೇಳಿದ. ಅವನ ಹಕ್ಕಿಯ ಮಾತು ಶುರುವಾದರೆ ಮನೆಯಲ್ಲಿ ಹೆಂಡತಿ ಮೋಹಿನಿಯೂ ಒಳಗೆದ್ದು ಹೋಗುವವಳು. ಚೈತಾಲಿಯೋ ಒಂದೊಂದನ್ನೂ ಮತ್ತೆ ಮತ್ತೆ ಕೇಳಿ ತಿಳಿದುಕೊಂಡಳು. ಅವನಿಗೆ ಮೈಯುಬ್ಬಿತು. ಅಷ್ಟರಲ್ಲಿ ಬಿಸಿಲೇರಿತ್ತು. ಬಾತುಗಳು ಬೆನ್ನಗರಿಯಲ್ಲಿ ಕೊಕ್ಕು ಹುದುಗಿಸಿ ನೀರಿನ ನಡುವೆ ನಿದ್ದೆ ಮಾಡುತ್ತಿದ್ದವು.

"ಎಲ್ಲ ಚೆನ್ನಾಗಿ ಬಂದಿದೆ ಅಂಕಲ್. ಒಮ್ಮೆ ಎಲ್ಲ ಒಟ್ಟಿಗೆ ಹಾರಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು" ಎಂದಳು ಚೈತಾಲಿ.

ಹಾರಿಸಿ ಎಂದು ಅವಳು ಕೇಳಿರಲಿಲ್ಲ. ಶೀನನೇ ಎದ್ದ. ನೀರಿನಂಚಿಗೆ ಹೋಗಿ, "ಹೋ" ಎಂದು ಕೂಗಿ, ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದ.

ಹಿಂಡು ಒಮ್ಮೆಲೇ ಎದ್ದಿತು. ಚೈತಾಲಿ ಕ್ಯಾಮೆರಾ ತಿರುಗಿಸುತ್ತಾ ನಕ್ಕಳು, ಶೀನನೂ ನಕ್ಕ. ಗಾಬರಿಯಲ್ಲಿ ತಗ್ಗಿಗೇ ಹಾರಿದ ಹಕ್ಕಿಗಳಲ್ಲೊಂದು ಕೆರೆಯ ಮೂಲೆಯಲ್ಲಿ ಅಡ್ಡ ಹಾದುಹೋಗಿರುವ ಕರೆಂಟಿನ ತಂತಿಗೆ ಬಡಿದು ಜೊಂಡಿನೊಳಗೆ ಬಿತ್ತು. ಶೀನ ಅದೇ ಬಟ್ಟೆಯಲ್ಲಿ ಸೊಂಟದ ನೀರಿಗಿಳಿದು ಅದನ್ನೆತ್ತಿ ತಂದ. ಒಂದು ರೆಕ್ಕೆ ಜೋತುಬಿದ್ದಿತ್ತು. ಅಂಗಿಯ ಮೇಲಿಂದಲೇ ಅದರ ಎದೆಬಡಿತ ಗೊತ್ತಾಗುತ್ತಿತ್ತು. ಚೈತಾಲಿಯ ಕಾರಿನಲ್ಲೇ ದನದ ಆಸ್ಪತ್ರೆಗೆ ಒಯ್ದರು. ಮೂಳೆ ಪುಡಿಯಾಗಿದೆ ಎಂದರು ಡಾಕ್ಟರು. ಅರಣ್ಯ ಇಲಾಖೆಯವರು ಬಂದು ಕೊಂಡುಹೋದರು. ಮರುದಿನ ಅದು ಸತ್ತ ಸುದ್ದಿ ಫೋನಿನಲ್ಲಿ ಬಂತು.

ವಾರ ಕಳೆದು ವಿಡಿಯೋ ಬಂತು. ಅದರಲ್ಲಿ ಚಪ್ಪಾಳೆ ಇರಲಿಲ್ಲ. ಹಕ್ಕಿಗಳು ಹಾರಿದವು, ಒಂದು ಬಿತ್ತು, ಶೀನ ನೀರಿಗಿಳಿದ. ಕೆಳಗೆ ಸಾವಿರಾರು ಜನ ಕೈಮುಗಿದ ಚಿತ್ರ ಹಾಕಿದರು. ಕಟಪಾಡಿಯ ನೆಂಟರು ಫೋನ್ ಮಾಡಿ ಹೊಗಳಿದರು. ಬಸ್ಸಿನಲ್ಲಿ ಯಾರೋ ಎದ್ದು ಸೀಟು ಕೊಟ್ಟರು. ಆ ಸೀಟಿನಲ್ಲಿ ಕೂತು ಬರುವಷ್ಟರಲ್ಲಿ ಅವನಿಗೆ ಭೂಮಿಗಿಳಿದು ಹೋದಂತಾಯಿತು.

ಚೈತಾಲಿಗೆ ಫೋನ್ ಮಾಡಿದ. "ಹಾರಿಸಿದ್ದು ನಾನಲ್ವಾ ಮಗಾ. ಅದು ಎಂತಕ್ಕೆ ಇಲ್ಲ?"

"ಅದನ್ನು ಹಾಕಿದರೆ ಜನ ನಿಮಗೆ ಬೈಯುತ್ತಾರೆ ಅಂಕಲ್. ನಿಮಗೋಸ್ಕರವೇ ತೆಗೆದೆ" ಎಂದಳು ಅವಳು ಮೆತ್ತಗೆ.

ಇಲ್ಲ, ಹಾಕು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಫೋನ್ ಇಟ್ಟಾಗ ಎದೆ ಹಗುರಾಯಿತು. ಹಗುರಾಯಿತಲ್ಲಾ ಎಂಬುದೇ ಆಮೇಲೆ ಅವನನ್ನು ಸುಡತೊಡಗಿತು. ಒಂದು ದಿನ ಧೈರ್ಯ ಮಾಡಿ ವಿಡಿಯೋದ ಕೆಳಗೆ, 'ಹಕ್ಕಿ ಬಿದ್ದದ್ದು ನನ್ನಿಂದ' ಎಂದು ಬರೆದ. ಎಷ್ಟು ದೊಡ್ಡ ಮನಸ್ಸು ನಿಮ್ಮದು ಎಂದು ಅದಕ್ಕೂ ಜನ ಹೃದಯದ ಚಿತ್ರ ಒತ್ತಿದರು. ಅವನು ಕೆರೆಗೆ ಹೋಗುವುದನ್ನು ನಿಲ್ಲಿಸಿದ.

ಬೆಳಬೆಳಗ್ಗೆಯೇ ಅಂಗಡಿ ತೆರೆಯುತ್ತಿದ್ದವನನ್ನು ನೋಡಿ ಮೋಹಿನಿಗೆ ದಿಗಿಲಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ, ಎಂತ ಆಯಿತು ಎಂದು ಬಿಡದೆ ಕೇಳಿದಳು. ಅವನು ಬಟ್ಟಲಿನಿಂದ ತಲೆಯೆತ್ತದೆ ಎಲ್ಲವನ್ನೂ ಹೇಳಿದ. ಸಮಾಧಾನದ ಮಾತೊಂದನ್ನೂ ಅವಳು ಆಡಲಿಲ್ಲ. ಸಾರಿನ ಸೌಟು ಕೆಳಗಿಟ್ಟು, "ಆ ತಂತಿ ಈಗಲೂ ಅಲ್ಲಿಯೇ ಉಂಟಲ್ಲ?" ಎಂದಳು.

ದಿನವಿಡೀ ತಂತಿ ಸುತ್ತುವವನಿಗೆ ಅದು ಹೊಳೆದಿರಲಿಲ್ಲ. ತನ್ನ ಅವಮಾನವನ್ನೇ ಮೆಲುಕು ಹಾಕುತ್ತಾ ಕೂತಿದ್ದ.

ಹಕ್ಕಿಗಳಿಗೆ ದೂರದಿಂದ ಕಾಣುವಂತೆ ತಂತಿಗೆ ಹೊಳೆಯುವ ಬಿಲ್ಲೆ ತೂಗುಹಾಕುವ ಪದ್ಧತಿ ಬೇರೆ ಕಡೆ ಇರುವುದನ್ನು ಅವನು ವಿಚಾರಿಸಿ ತಿಳಿದುಕೊಂಡ. ಕರೆಂಟ್ ಆಫೀಸಿಗೆ ಅಲೆದ. ಅಲ್ಲಿಯವರು ನೋಡೋಣ ಎನ್ನುತ್ತಿದ್ದಂತೆಯೇ ಮಳೆಗಾಲ ಮುಗಿಯುತ್ತಾ ಬಂತು. ಅಷ್ಟರಲ್ಲಿ ಹೊಸ ಎಂಜಿನಿಯರ್ ಬಂದರು. ಅವನ ಮುಖವನ್ನು ದಿಟ್ಟಿಸಿ, "ನೀವು ಆ ಬಾತನ್ನು ಉಳಿಸಲು ನೀರಿಗಿಳಿದವರಲ್ವಾ? ನನ್ನ ಮಗಳಿಗೆ ನೀವೆಂದರೆ ಪ್ರಾಣ" ಎಂದು ಕುರ್ಚಿ ಎಳೆದು ಕೊಟ್ಟರು.

ಹಾರಿಸಿದ್ದೂ ನಾನೇ ಎಂದು ಹೇಳಲು ಅವನು ಬಾಯಿ ತೆರೆದ. ಹೇಳಿದರೆ ಕೆಲಸ ಕೆಡಬಹುದು ಎನಿಸಿತು. ಆ ಅಳುಕು ಹಕ್ಕಿಗಾಗಿಯೋ, ತನಗೆ ಸಿಕ್ಕ ಆ ಕುರ್ಚಿಗಾಗಿಯೋ ಅವನಿಗೇ ತಿಳಿಯಲಿಲ್ಲ. "ಹೌದು ಸರ್" ಎಂದ. ಆ ವಾರವೇ ಲೈನ್‌ಮನ್‌ಗಳು ಬಂದು ಬಿಲ್ಲೆಗಳನ್ನು ಕಟ್ಟಿದರು.

ನವೆಂಬರಿನಲ್ಲಿ ಬಾತುಗಳು ಬಂದವೆಂದು ಕೇಳಿ ಮೋಹಿನಿ ತಾನಾಗಿಯೇ ಅವನ ಜೊತೆ ಹೊರಟಳು. ದಂಡೆಯಲ್ಲಿ ಕೂತು, ಎಂಜಿನಿಯರಿಗೆ ತಾನು ನಿಜ ಹೇಳಲಿಲ್ಲ ಎಂದ ಶೀನ.

"ಹೇಳಬೇಕಿತ್ತು" ಎಂದಳು ಅವಳು.

"ಹೌದು" ಎಂದ ಅವನು.

ಹಿಂಡೊಂದು ಬಿಲ್ಲೆಗಳನ್ನು ಕಂಡು ಮೇಲೇರಿ, ತಂತಿ ದಾಟಿ ನೀರಿಗಿಳಿಯಿತು. ಅದನ್ನು ನೋಡಲು ಅವನು ದುರ್ಬೀನನ್ನು ಅವಳಿಗೆ ಕೊಟ್ಟ.