ಗೆರೆ ಅಕ್ಕನೂ ಅಗ್ಗದ ಸಾಫ್ಟ್‌ವೇರೂ

ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ ಎರಡೇ ಅಂಗಡಿ. ಒಂದು ನನ್ನದು, ಪುಸ್ತಕದ ಬೈಂಡಿಂಗ್. ಇನ್ನೊಂದು ಗೆರೆ ಅಕ್ಕನದು. ವಿಸಿಟಿಂಗ್ ಕಾರ್ಡು, ಡಬ್ಬಿಗೆ ಅಂಟಿಸುವ ಲೇಬಲ್ಲು, ಅಂಗಡಿಯ ಬೋರ್ಡು, ಇಂಥವನ್ನೆಲ್ಲ ಅವರು ಡಿಸೈನ್ ಮಾಡಿಕೊಡುತ್ತಾರೆ. ಯಾವ ಬೋರ್ಡಿನ ಮುಂದೆ ನಿಂತರೂ ಅವರ ಬಾಯಿಂದ ಮೊದಲು ಬರುವ ಮಾತು "ಗೆರೆ ಸರಿ ಇಲ್ಲ". ಹಾಗಾಗಿ ಆ ಹೆಸರು. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ, ಎದುರು ಗೋಡೆಯ ಫಲಕದಲ್ಲಿ 'ದ' ವಾಲಿದ್ದು ಕಂಡು ಕೈ ಬೀಸಿದರಂತೆ. ನೋವಾಯಿತೇನೋ ಅಂದುಕೊಂಡು ಡಾಕ್ಟರು ಕೈಲಿದ್ದ ಇಕ್ಕಳ ಕೆಳಗೆ ಹಾಕಿದರಂತೆ.

ಅಕ್ಕನ ಜೊತೆ ಅಂಗಡಿ ನೋಡಿಕೊಳ್ಳುವವಳು ಅವರ ಓರಗಿತ್ತಿ, ಮೈದುನನ ಹೆಂಡತಿ. ಪ್ರಿಂಟಿಂಗ್ ಮೆಷಿನ್ನು, ಗಿರಾಕಿಗಳು, ಫೋನು ಅವಳ ಪಾಲು. ಮನೆಯಲ್ಲಿ ಒಬ್ಬರೇ ಕೂತು ಬೇಜಾರಾಗುತ್ತದೆಂದು ಇಬ್ಬರ ಅತ್ತೆಯೂ ಜೊತೆಗೇ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಅತ್ತೆ ಸೊಸೆಯರು ಮೂವರೂ ಒಂದೇ ಕೋಣೆಯಲ್ಲಿ ದಿನವಿಡೀ ಇದ್ದೂ ಅಲ್ಲಿಂದ ಜಗಳಕ್ಕಿಂತ ನಗುವೇ ಹೆಚ್ಚು ಕೇಳಿಸುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಡುವೆ ಇರುವುದು ತೆಳು ಗೋಡೆ, ನನಗೆ ಗೊತ್ತು.

ಅಕ್ಕ ಮೊದಲು ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಪ್ರೆಸ್ಸು ಮುಚ್ಚಿದಾಗ ಯಜಮಾನರು ಅಲ್ಲಿನ ಕಂಪ್ಯೂಟರನ್ನು, ಅದರೊಳಗಿನ ಡಿಸೈನ್ ಸಾಫ್ಟ್‌ವೇರ್ ಸಮೇತ ಇವರಿಗೇ ಕೊಟ್ಟರು. ಅದರ ಮೂಲೆ ಮುಡುಕೆಲ್ಲ ಅಕ್ಕನಿಗೆ ಅಡುಗೆಮನೆಯಷ್ಟೇ ಪರಿಚಯ. ಹೋದ ವರ್ಷ ಒಂದು ಬೆಳಿಗ್ಗೆ ಆ ಕಂಪ್ಯೂಟರು ಕುಂಯ್ ಅಂತ ಸದ್ದು ಮಾಡಿ ಕಣ್ಣು ಮುಚ್ಚಿತು. ಹೊಸದು ತಂದರು. ಹಳೆಯ ಸಾಫ್ಟ್‌ವೇರು ಹೊಸದರೊಳಗೆ ಕಾಲಿಡಲು ಒಪ್ಪಲಿಲ್ಲ. ಅದರ ಹೊಸ ಅವತಾರವನ್ನು ಈಗ ಕೊಳ್ಳುವಂತಿಲ್ಲ, ವರ್ಷ ವರ್ಷವೂ ಬಾಡಿಗೆ ಕಟ್ಟಬೇಕು.

"ಬಾಡಿಗೆ ನಿಲ್ಲಿಸಿದರೆ ನಾನು ಬರೆದಿದ್ದನ್ನ ನನಗೇ ತೋರಿಸಲ್ವಂತೆ!" ಅಕ್ಕ ನನ್ನ ಅಂಗಡಿಗೆ ಬಂದು ಹೇಳಿಕೊಂಡರು. "ಇದೊಳ್ಳೆ ಕಥೆ ಆಯ್ತಲ್ಲ!"

ಓರಗಿತ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಫೋನಿನಲ್ಲಿ ಒಂದು ವೆಬ್‌ಸೈಟ್ ತೆರೆದು ತೋರಿಸಿದಳು. ಬಿಟ್ಟಿ. ಸಾವಿರಾರು ಡಿಸೈನುಗಳು ಮೊದಲೇ ತಯಾರಾಗಿ ಕೂತಿವೆ. ಒಂದನ್ನು ಆರಿಸಿ, ಹೆಸರು ಬದಲಿಸಿ, ಚಿತ್ರ ಬದಲಿಸಿದರೆ ಮುಗಿಯಿತು.

"ಇದು ಡಿಸೈನ್ ಅಲ್ಲ ಕಣೇ, ಬೇರೆಯವರ ಅಂಗಿಗೆ ನಮ್ಮ ಗುಂಡಿ ಹೊಲಿಯೋದು," ಅಂದರು ಅಕ್ಕ.

"ಹೊಲಿದು ನೋಡು ಅಕ್ಕ. ಬೇಕರಿಯವರು ನಾಳೆಗೇ ಬೋರ್ಡು ಕೇಳಿದಾರೆ."

ಬೀದಿಯ ತುದಿಯಲ್ಲಿ ಹೊಸದಾಗಿ ಬೇಕರಿ ತೆರೆಯುತ್ತಿದ್ದ ದಪ್ಪ ಮೀಸೆಯವರ ಕೆಲಸ ಅದು. ಅಂಗಡಿಯ ಹೆಸರು 'ಅಕ್ಕರೆಯ ಬ್ರೆಡ್ಡು'. ಅಕ್ಕ ಮೂಗು ಮುರಿಯುತ್ತಲೇ ಕೂತರು. ಕಾಫಿ ಆರುವಷ್ಟರಲ್ಲಿ ಬೋರ್ಡು ತಯಾರಾಯಿತು. ಕಿತ್ತಳೆ ಬಣ್ಣದ ವೃತ್ತ, ಸುತ್ತ ಎಲೆಗಳ ಬಳ್ಳಿ, ನಡುವೆ ಉಬ್ಬಿದ ಬನ್ನು. ಅಕ್ಕನಿಗೂ ಒಳಗೊಳಗೇ ಖುಷಿಯಾಗಿತ್ತು. "ಪರವಾಗಿಲ್ಲ, ಬೆನ್ನು ನೋಯಲಿಲ್ಲ," ಅಂದರು.

ಬೋರ್ಡು ಮೇಲೇರಿತು. ಅದೇ ವಾರ ಬೇಕರಿಯ ಎದುರಿನ ಸಲೂನಿನವನೂ ತನ್ನ ಅಂಗಡಿಗೆ ಬಣ್ಣ ಬಳಿಸಿ ಹೊಸ ಬೋರ್ಡು ಹಾಕಿದ. ಕಿತ್ತಳೆ ವೃತ್ತ, ಎಲೆಗಳ ಬಳ್ಳಿ, ನಡುವೆ ಕತ್ತರಿ. ಅವನ ತಂಗಿ ಫೋನಿನಲ್ಲಿ ಮಾಡಿಕೊಟ್ಟಿದ್ದಳಂತೆ, ಅದೇ ವೆಬ್‌ಸೈಟಿನಲ್ಲಿ!

ಬೀದಿಯವರಿಗೆ ಇಷ್ಟು ಸಾಕಲ್ಲ. "ಶೇವಿಂಗಿಗೆ ಬೆಣ್ಣೆ ಹಚ್ತೀರೋ ಕ್ರೀಮೋ?" ಅಂತ ಬೇಕರಿಯವರನ್ನು ಕೇಳುವವರು ಕೆಲವರು, "ಎರಡು ಬನ್ನು, ಸೈಡಲ್ಲಿ ಚಿಕ್ಕದಾಗಿ ಕತ್ತರಿಸಿ" ಅಂತ ಸಲೂನಿನ ಬಾಗಿಲಲ್ಲಿ ನಿಲ್ಲುವವರು ಕೆಲವರು. ದಪ್ಪ ಮೀಸೆಯವರು ಧಡಧಡ ಮೆಟ್ಟಿಲು ಹತ್ತಿ ಬಂದರು.

"ಏನಮ್ಮಾ, ನನ್ನ ಬ್ರೆಡ್ಡಲ್ಲಿ ಕೂದಲು ಇದೆ ಅಂತ ನೀವೇ ಬೋರ್ಡು ಹಾಕಿದ ಹಾಗಾಯ್ತಲ್ಲ!"

ಓರಗಿತ್ತಿ ಪ್ರಿಂಟರಿನ ಹಿಂದೆ ಬಗ್ಗಿ ಏನೋ ಹುಡುಕುವವಳಂತೆ ಮಾಡಿದಳು. ನಗು ತಡೆಯುತ್ತಿದ್ದಳೆಂದು ಅವಳ ಭುಜ ಹೇಳುತ್ತಿತ್ತು. ಅಕ್ಕನ ಮುಖ ಮಾತ್ರ ಇಳಿದುಹೋಯಿತು. "ತಪ್ಪು ನನ್ನದೇ. ಬೇರೆ ಮಾಡಿಕೊಡ್ತೀನಿ, ನಿಮಗೆ ಅಂತಲೇ ಮಾಡಿದ್ದು," ಅಂದರು.

ಮರುದಿನದಿಂದ ಹುಡುಕಾಟ ಶುರು. ಪುಕ್ಕಟೆ ಸಿಗುವ ಇನ್ನೊಂದು ಸಾಫ್ಟ್‌ವೇರನ್ನು ಅಕ್ಕ ಕಂಪ್ಯೂಟರಿಗೆ ಇಳಿಸಿಕೊಂಡರು. ಅದರಲ್ಲಿ ತಯಾರಾದ ಡಿಸೈನು ಒಂದೂ ಇಲ್ಲ, ಬರೀ ಬಿಳಿ ಹಾಳೆ. ಮೊದಲೆರಡು ದಿನ ಬೈಗುಳವೇ ಬೈಗುಳ. ಬೇಕಾದ ಗುಂಡಿ ಎಲ್ಲೆಲ್ಲೋ ಅಡಗಿರುತ್ತಿತ್ತು. ದೊಡ್ಡ ಫೋಟೊ ಹಾಕಿದರೆ ಉಬ್ಬಸ ಬಂದವರ ಹಾಗೆ ನಿಂತುಬಿಡುತ್ತಿತ್ತು. ಆದರೆ ಗೆರೆ ಎಳೆಯಲು ಕೂತಾಗ ಅಕ್ಕನ ಗೊಣಗಾಟ ನಿಂತಿತು. ಬಾಗು, ತಿರುವು, ಕೊಂಬು, ಎಲ್ಲವೂ ಬೆರಳು ಹೇಳಿದಂತೆ ಕೇಳುತ್ತಿದ್ದವು. ನಮ್ಮ ಒತ್ತಕ್ಷರಗಳೂ ಕೂರಬೇಕಾದಲ್ಲೇ ಕೂರುತ್ತಿದ್ದವು.

ತೊಂದರೆ ಬಂದದ್ದು ಬಣ್ಣದಲ್ಲಿ. ಪರದೆಯ ಮೇಲೆ ಹೊಂಬಣ್ಣಕ್ಕಿದ್ದ ಬ್ರೆಡ್ಡು ಪ್ರಿಂಟಾಗಿ ಬಂದಾಗ ಪಾಚಿ ಹಿಡಿದಂತಿತ್ತು. ಪರದೆಯ ಬೆಳಕಿನ ಬಣ್ಣವೇ ಬೇರೆ, ಕಾಗದಕ್ಕೆ ಇಳಿಯುವ ಶಾಯಿಯ ಬಣ್ಣವೇ ಬೇರೆ. ಆ ಲೆಕ್ಕ ಈ ಪುಕ್ಕಟೆಯದಕ್ಕೆ ಅಷ್ಟಾಗಿ ತಿಳಿಯದು.

ಆಗ ಓರಗಿತ್ತಿ ಮೂರನೆಯದನ್ನು ತಂದಳು. ಒಂದು ಸಲ ಕೊಂಡರೆ ಮುಗಿಯಿತು, ಬಾಡಿಗೆಯ ಕಾಟವಿಲ್ಲ. ಕೆಲವು ದಿನ ಸುಮ್ಮನೆ ಬಳಸಿ ನೋಡಲು ಬಿಡುತ್ತಾರೆ. ಕೆಲಸ ಚುರುಕು, ಶಾಯಿಯ ಬಣ್ಣ ಕರಾರುವಾಕ್ಕು. ಬ್ರೆಡ್ಡು ನೋಡಿದರೆ ಬಾಯಲ್ಲಿ ನೀರೂರಬೇಕು, ಹಾಗಿತ್ತು.

"ಹಾಗಾದರೆ ಪರೀಕ್ಷೆ ಮಾಡೇಬಿಡೋಣ," ಅಂದರು ಅಕ್ಕ. ಒಂದೇ ಬೋರ್ಡನ್ನು ಮೂರರಲ್ಲೂ ಮಾಡಿ, ಮೂರು ಪ್ರಿಂಟನ್ನು ನಮ್ಮ ಅಂಗಡಿಗಳ ಮುಂದಿನ ಪಡಸಾಲೆಯ ಆ ತುದಿಯ ಗೋಡೆಗೆ ಅಂಟಿಸಿದರು. ಈ ತುದಿಯಲ್ಲಿ ಅತ್ತೆಯ ಕುರ್ಚಿ. ಬೀದಿಯಲ್ಲಿ ಹೋಗುವವರು ಕನ್ನಡಕ ಹುಡುಕುತ್ತಾ ನಿಲ್ಲುವುದಿಲ್ಲವೆಂದು ಅತ್ತೆಯ ಕನ್ನಡಕವನ್ನೂ ತೆಗೆಸಿದರು. ನಾನೂ ಅಂಟು ಹಚ್ಚುವ ಕುಂಚ ಹಿಡಿದುಕೊಂಡೇ ಹೊರಗೆ ಬಂದೆ.

ಅತ್ತೆ ಮೊದಲನೆಯದನ್ನು ನೋಡಿದರು. "ಚೆನ್ನಾಗಿದೆ. ಕ್ಷೌರಕ್ಕೆ ಎಷ್ಟಂತೆ?"

ಎರಡನೆಯದು. "ಅಕ್ಕರೆಯ ಬ್ರೆಡ್ಡು. ಅಕ್ಷರ ಮುದ್ದಾಗಿದೆ. ಆದರೆ ನಿನ್ನೆ ಮೊನ್ನೆಯದಲ್ಲಮ್ಮಾ ಈ ಬ್ರೆಡ್ಡು, ನಾಯಿಗೆ ಹಾಕು."

ಮೂರನೆಯದಕ್ಕೆ ಬಂದಾಗ ಕಣ್ಣು ಕಿರಿದು ಮಾಡಿ, ಮುಂದಕ್ಕೆ ಬಾಗಿದರು. "ಅಕ್... ಕರೆಯ... ಬ್... ರೆಡ್... ಡು. ಯಾರೇ ಇದು, ಬಿಕ್ಕಳಿಕೆ ಬಂದವರು ಬರೆದಿದ್ದಾ?"

ಅಕ್ಕ ಓಡಿಹೋಗಿ ನೋಡಿದರು. ಬಣ್ಣದ ಸಂಭ್ರಮದಲ್ಲಿ ಇಬ್ಬರೂ ಅಕ್ಷರವನ್ನೇ ಗಮನಿಸಿರಲಿಲ್ಲ! ಆ ಸಾಫ್ಟ್‌ವೇರಿಗೆ ಒತ್ತಕ್ಷರವೇ ಗೊತ್ತಿಲ್ಲ. 'ಕ್ಕ' ಒಡೆದು ಬೇರೆ ಬೇರೆ, 'ಡ್ಡು' ಒಡೆದು ಬೇರೆ ಬೇರೆ. ಅಂಥ ಚೆಂದದ ಬ್ರೆಡ್ಡಿನ ಮೇಲೆ ಅಂಥ ಮುರುಕು ಮಾತು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ನಕ್ಕರು. ನಕ್ಕು ಸುಸ್ತಾದ ಮೇಲೆ ಅಕ್ಕ, "ಒಂದಕ್ಕೆ ಬಣ್ಣ ಬರುತ್ತೆ, ಓದು ಬರಹ ಇಲ್ಲ. ಇನ್ನೊಂದಕ್ಕೆ ಓದು ಬರಹ ಬರುತ್ತೆ, ಬಣ್ಣ ಗೊತ್ತಿಲ್ಲ. ಯಾವುದನ್ನ ಮನೆಗೆ ತರೋದು?" ಅಂದರು.

"ಎರಡನ್ನೂ," ಅಂದಳು ಓರಗಿತ್ತಿ. "ನಾವಿಬ್ಬರೂ ಒಂದೇ ಮನೆಯಲ್ಲಿ ಇಲ್ವಾ? ಅಕ್ಷರ ಪುಕ್ಕಟೆಯದರಲ್ಲಿ ಬರಿ ಅಕ್ಕ. ಅದನ್ನ ಬರೀ ಗೆರೆಗಳ ಚಿತ್ರವಾಗಿ ಬದಲಾಯಿಸೋಕೆ ಆಗುತ್ತಲ್ಲ, ಹಾಗೆ ಮಾಡಿ ಇದರೊಳಗೆ ತಂದು ಕೂರಿಸು. ಇದಕ್ಕೆ ಅದು ಅಕ್ಷರ ಅಂತ ಗೊತ್ತಾದರೆ ತಾನೇ ಒಡೆಯೋದು?"

ಅಕ್ಕ ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಮಧ್ಯಾಹ್ನದ ಊಟಕ್ಕೆ ಕರೆದರೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ 'ಅಕ್ಕರೆಯ' ಎಂಬುದರ ಒತ್ತು ಕೆಳಗಿಳಿದು, ಬೆಚ್ಚಗಿನ ಬ್ರೆಡ್ಡನ್ನೇ ತಲೆದಿಂಬು ಮಾಡಿಕೊಂಡು ಒರಗಿತ್ತು. ಕನ್ನಡಕ ಹಾಕಿಯೂ, ತೆಗೆದೂ ಅತ್ತೆ ಒಪ್ಪಿದರು.

ಇದರಲ್ಲೂ ಒಂದು ಪೀಕಲಾಟವಿತ್ತೆಂದು ಗೊತ್ತಾದದ್ದು ದಪ್ಪ ಮೀಸೆಯವರು ಬಂದು, "ಬಹಳ ಚೆನ್ನಾಗಿದೆ, ಕೆಳಗೆ 'ಬೆಳಿಗ್ಗೆ ಆರಕ್ಕೆ' ಅಂತ ಇದೆಯಲ್ಲ, ಅದನ್ನ 'ಏಳಕ್ಕೆ' ಮಾಡಿ, ನನಗೆ ಎಚ್ಚರ ಆಗಲ್ಲ" ಅಂದಾಗ. ಗೆರೆಯಾದ ಅಕ್ಷರ ಮತ್ತೆ ಅಕ್ಷರವಾಗುವುದಿಲ್ಲ. ಮೂಲ ಬರಹವನ್ನು ಉಳಿಸಿಕೊಂಡಿರಲಿಲ್ಲವಾದ್ದರಿಂದ ಅಕ್ಕ ಆ ಸಾಲನ್ನು ಪೂರ್ತಿ ಮೊದಲಿನಿಂದ ಬರೆದರು. ಅಂದಿನಿಂದ ಎರಡೆರಡು ಪ್ರತಿ ಇಡುತ್ತಾರೆ.

ಬೋರ್ಡು ಮೇಲೇರಿದ ದಿನ ದಪ್ಪ ಮೀಸೆಯವರು ಒಂದು ಬುಟ್ಟಿ ಬನ್ನು ಕಳಿಸಿದರು. ಅದರ ಹಿಂದೆಯೇ ಸಲೂನಿನವನು ಬಂದ. ತನಗೂ ಹೊಸ ಬೋರ್ಡು ಬೇಕು, ಎದುರಿನವರದಕ್ಕಿಂತ ಚೂರು ದೊಡ್ಡದಾಗಿ. ತಂಗಿಗೆ ಬೇಜಾರಾಗದ ಹಾಗೆ ಆ ಎಲೆಯ ಬಳ್ಳಿ ಮಾತ್ರ ಇರಲಿ ಅಂದ. ಅಕ್ಕ ಬಳ್ಳಿಯನ್ನು ಹೊಸದಾಗಿ ಬರೆದು, ಎಲೆಗಳ ಜಾಗದಲ್ಲಿ ಪುಟ್ಟ ಪುಟ್ಟ ಬಾಚಣಿಗೆ ಇಟ್ಟರು. ತಂಗಿಯೇ ಬಂದು ಅದರ ಫೋಟೊ ತೆಗೆದುಕೊಂಡು ಹೋದಳು.

ವೆಬ್‌ಸೈಟನ್ನೂ ಅವರು ಕೈಬಿಟ್ಟಿಲ್ಲ. 'ಇಂದು ರಜೆ', 'ಬಾಗಿಲು ಎಳೆಯಿರಿ', 'ಚಿಲ್ಲರೆ ಕೊಡಿ' ಇಂಥವಕ್ಕೆ ಯಾರು ಬೆನ್ನು ಬಗ್ಗಿಸುತ್ತಾರೆ? ಗಿರಾಕಿ ನಿಂತಿರುವಂತೆಯೇ ಓರಗಿತ್ತಿ ಮಾಡಿ ಕೈಗಿಡುತ್ತಾಳೆ. ಇಂಟರ್‌ನೆಟ್ ಹೋದ ದಿನ ಮಾತ್ರ ಅವಳೂ ಗಿರಾಕಿಯೂ ಎದುರೆದುರು ಕೂತು ಹವಾಮಾನದ ಬಗ್ಗೆ ಮಾತಾಡುತ್ತಾರೆ.

ಈ ನಡುವೆ ಅಕ್ಕನಿಗೆ ಹೊಸ ಹುಚ್ಚು ಹತ್ತಿದೆ. ಆ ಪುಕ್ಕಟೆಯದರಲ್ಲಿ ತಮ್ಮದೇ ಒಂದು ಅಕ್ಷರಮಾಲೆ ಬರೆಯುತ್ತಿದ್ದಾರೆ, ಹೊಟ್ಟೆ ದುಂಡಗಿರುವ, ನಕ್ಕಂತೆ ಕಾಣುವ ಅಕ್ಷರಗಳು. ಸ್ವರಗಳೆಲ್ಲ ಮುಗಿದವು. ಮೊನ್ನೆ ಇಣುಕಿ ನೋಡಿದಾಗ 'ಞ' ಹತ್ತಿರ ಸಿಕ್ಕಿಕೊಂಡಿದ್ದರು.

"ಅದನ್ನ ಯಾರು ಬಳಸ್ತಾರೆ ಅಕ್ಕ, ಬಿಟ್ಟು ಮುಂದೆ ಹೋಗಿ," ಅಂದೆ.

"ಬಳಸೋರು ಬಂದು ಬಾಗಿಲಲ್ಲಿ ನಿಂತಾಗ ಇಲ್ಲ ಅನ್ನೋಕಾಗುತ್ತಾ?" ಅಂದವರು, ಪರದೆಯಿಂದ ಕಣ್ಣು ತೆಗೆಯದೆ ಮೌಸನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರು.