ಮಂಚದ ಪಕ್ಕ ಕುಳಿತವರನ್ನೂ ವಿಚಾರಿಸಿದ ಗಿರಿಜಾಂಬಿಕಾ

ರೋಗಿಯ ನಾಡಿ ಹಿಡಿದು ನೋಡುವವರು ನಮ್ಮ ಸೀಮೆಯ ಆಸ್ಪತ್ರೆಗಳಲ್ಲಿ ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಆದರೆ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತವರ ಮುಖವನ್ನೂ ಅಷ್ಟೇ ಅಕ್ಕರೆಯಿಂದ ನೋಡಬೇಕೆಂಬ ಪಾಠವನ್ನು ತಿಪಟೂರಿನ ಶುಶ್ರೂಷಾ ಬಳಗಕ್ಕೆ ಕಲಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಶುಶ್ರೂಷಾಧಿಕಾರಿ ಶ್ರೀಮತಿ ಗಿರಿಜಾಂಬಿಕಾ ಅವರು.

ಚಿಕ್ಕನಾಯಕನಹಳ್ಳಿಯ ಕೊಬ್ಬರಿ ವ್ಯಾಪಾರಿಯೊಬ್ಬರ ಮಗಳಾದ ಅವರು ತುರುವೇಕೆರೆಯಲ್ಲಿ ಸೇವೆ ಆರಂಭಿಸಿ, ಹೆರಿಗೆ ವಾರ್ಡಿನಲ್ಲಿ ಒಳ್ಳೆಯ ಹೆಸರು ಗಳಿಸಿದ್ದರು. ಆ ದಿನಗಳಲ್ಲೇ ಅವರ ತಮ್ಮ ಪರಮೇಶ್ ರಕ್ತದ ಕ್ಯಾನ್ಸರಿಗೆ ತುತ್ತಾದರು. ರಜೆ ಹಾಕಿ ಬೆಂಗಳೂರಿಗೆ ಓಡಾಡಿ ಆರೈಕೆ ಮಾಡಿದವರು ಅಕ್ಕನೇ. ತಮ್ಮ ಉಳಿಯಲಿಲ್ಲ. ನರ್ಸಮ್ಮನಿಗೆ ಸಾವೇನು ಹೊಸದೇ ಎಂದುಕೊಂಡ ನೆಂಟರು ತಾಯಿಯನ್ನು ಸಂತೈಸಿ ಹೊರಟುಹೋದರು. ಕರ್ಮಾಂತರ ಮುಗಿದ ಮರುದಿನವೇ ಕೆಲಸಕ್ಕೆ ಹಾಜರಾದ ಗಿರಿಜಾಂಬಿಕಾ ಅವರು, ಇಂಜೆಕ್ಷನ್ ಕೊಡುವ ಸರದಿ ಮುಗಿಸಿ, ಔಷಧದ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಅತ್ತರು.

ತಿಪಟೂರಿಗೆ ವರ್ಗವಾಗಿ ಬಂದ ಮೇಲೆ ಅವರಿಗೆ ದಂಡಿನಶಿವರದ ಚಿಕ್ಕಗೌರಮ್ಮ ಪರಿಚಯವಾದರು. ಗಂಡ ದಯಾನಂದ್ ಅವರಿಗೆ ಅದೇ ಕಾಯಿಲೆ. ಬೆಂಗಳೂರಿನಲ್ಲಿ ಕೀಮೋ, ನಡುನಡುವೆ ರಕ್ತ ಪರೀಕ್ಷೆಗೆ ತಿಪಟೂರು. ತೋಟ, ದನ, ರೋಗಿಯ ಪಥ್ಯ, ಸೋಂಕು ತಗುಲೀತೆಂದು ಬಂದವರನ್ನು ಬಾಗಿಲಲ್ಲೇ ತಡೆಯುವ ನಿಷ್ಠುರ, ಎಲ್ಲವೂ ಆ ಹೆಣ್ಣುಮಗಳ ತಲೆಯ ಮೇಲೆ. ಭಾವ ದೊಡ್ಡಣ್ಣನವರು ಬಂದಾಗಲೆಲ್ಲ "ಧೈರ್ಯವಾಗಿರಮ್ಮ" ಎಂದು ಹೇಳಿ ಹೋಗುತ್ತಿದ್ದರು.

ಕೊನೆಗೆ ಕಾಯಿಲೆ ಹತೋಟಿಗೆ ಬಂದಿದೆಯೆಂದು ಬೆಂಗಳೂರಿನ ವೈದ್ಯರು ಹೇಳಿದರು. ಮನೆಯಲ್ಲಿ ಹೋಳಿಗೆ ಮಾಡಿದರು. ಅದೇ ವಾರ ಚಿಕ್ಕಗೌರಮ್ಮ ಹಾಸಿಗೆ ಹಿಡಿದರು. ಊಟ ಬಿಟ್ಟು ಅತ್ತದ್ದೇ ಅತ್ತದ್ದು. ದೊಡ್ಡಣ್ಣನವರು ಆಸ್ಪತ್ರೆಗೆ ಕರೆತಂದು, "ಗಂಡ ಹುಷಾರಾದ್ ಮೇಲೆ ಅಳ್ತಾ ಕೂತವ್ಳಲ್ಲ ಸಿಸ್ಟರ್, ಇದೆಂಥ ಅಪಶಕುನ?" ಎಂದು ಸಿಡುಕಿದರು.

"ಇಷ್ಟ್ ದಿನ ಅಳಾಕೆ ಪುರುಸೊತ್ತಿರ್ಲಿಲ್ಲ ಕಣಪ್ಪ. ಈಗ ಸಿಕ್ಕೈತೆ, ಅಳ್ಲಿ ಬುಡು," ಎಂದರು ಗಿರಿಜಾಂಬಿಕಾ.

ಭಾವ ಹೊರಗೆ ಹೋದ ಮೇಲೆ ಚಿಕ್ಕಗೌರಮ್ಮ ಮೆಲ್ಲಗೆ ಬಾಯಿಬಿಟ್ಟರು. "ಅಕ್ಕಾ, ಒಂದಿನ ಅವ್ರು ಅನ್ನದ ತಟ್ಟೆ ತಳ್ಳುಬುಟ್ರು. ಇದೆಲ್ಲ ಬೇಗ ಮುಗುದೋಗ್ಲಿ ಅನ್ನುಸ್ತು. ಹಂಗಂದ್ರೆ ಏನು ಅಂತ ಗೊತ್ತಿದ್ದೂ ಅನ್ನುಸ್ತು."

ಗಿರಿಜಾಂಬಿಕಾ ಅವರು ಬಿಡ್ತು ಅನ್ನು ಎನ್ನಲಿಲ್ಲ, ಬುದ್ಧಿ ಹೇಳಲಿಲ್ಲ. ಯಾರ ಮುಂದೆಯೂ ಆಡಿರದ ಮಾತೊಂದನ್ನು ಆಡಿದರು: "ನನ್ನ ತಮ್ಮ ನರಳ್ತಿದ್ದಾಗ ನಂಗೂ ಅನ್ಸಿತ್ತು ಕಣೇ. ಅವ್ನ ಮೇಲೆ ಪ್ರೀತಿ ಕಮ್ಮಿ ಇತ್ತು ಅಂತಲ್ಲ. ಸಾಕಾಗಿತ್ತು, ಅಷ್ಟೇ."

ಚಿಕ್ಕಗೌರಮ್ಮ ಗಿರಿಜಾಂಬಿಕಾ ಅವರ ತೊಡೆಯ ಮೇಲೆ ತಲೆಯಿಟ್ಟರು.

ಕಣ್ಣೀರಿಗೆ ಸಾಂತ್ವನವಷ್ಟೇ ಸಾಲದೆಂದು ಬಲ್ಲ ಅವರು ಆಕೆಯನ್ನು ಮನೋವೈದ್ಯರ ಬಳಿ ತಾವೇ ಕರೆದೊಯ್ದರು. ದೊಡ್ಡಣ್ಣನವರಿಗೆ, "ಧೈರ್ಯ ಹೇಳಿದ್ದು ಸಾಕು, ಹಾಲು ಕರೆಯೋದು ನಿಮ್ಮನೇರು ನೋಡ್ಕಳ್ರಿ," ಎಂದರು. ಅವರು ಮುಖ ಗಂಟಿಕ್ಕಿಕೊಂಡರೂ ಮಾರನೆಯ ಬೆಳಿಗ್ಗೆ ಸ್ವತಃ ಚೊಂಬು ಹಿಡಿದು ಕೊಟ್ಟಿಗೆಗೆ ಬಂದರಂತೆ. ಇನ್ನೂ ಸುಸ್ತಾಗಿದ್ದ ದಯಾನಂದ್ ಒಲೆಯ ಮುಂದೆ ಕುಳಿತು ಹೆಂಡತಿಗೆ ಗಂಜಿ ಕಾಯಿಸಿದರು. ಆ ಮನೆ ನಿಧಾನವಾಗಿ ಸುಧಾರಿಸಿತು.

ಅಲ್ಲಿಂದೀಚೆಗೆ ಇಂಥ ಮನೆಗಳವರೆಲ್ಲ ಗುರುವಾರದ ಮಧ್ಯಾಹ್ನ ಆಸ್ಪತ್ರೆಯ ಹಳೆಯ ಕೋಣೆಯಲ್ಲಿ ಸೇರಿ ಮನಸ್ಸು ಹಗುರ ಮಾಡಿಕೊಳ್ಳುವ ವಾಡಿಕೆ ಬೆಳೆಯಿತು. ಹೊಸಬರು ಬಂದರೆ ಮೊದಲು ಮಾತಿಗೆಳೆಯುವವರು ಚಿಕ್ಕಗೌರಮ್ಮನವರೇ. ಕಳೆದ ವಾರ ಕಂದಿಕೆರೆಯ ಮರುಳಪ್ಪ ಬಂದಿದ್ದರು. ಅವರ ಪತ್ನಿಗೆ ಈಗಷ್ಟೇ ಚಿಕಿತ್ಸೆ ಶುರುವಾಗಿದೆ. ಹೊರಡುವಾಗ ಮರುಳಪ್ಪ ಕೇಳಿದರು: "ನೀವು ರಿಟೈರ್ ಆಯ್ತೀರಂತೆ. ಮುಂದಿನ ಗುರುವಾರ ಬಂದ್ರೆ ಇರ್ತೀರಾ, ಸಿಸ್ಟರ್?"

"ಬನ್ನಿ ಕಣ್ರೀ. ನಾನೆಲ್ಲಿಗೂ ಹೋಗಲ್ಲ," ಎಂದರು ಗಿರಿಜಾಂಬಿಕಾ.

ಆ ಮಾತು ಬಹುಕಾಲ ನಿಜವಾಗಿಯೇ ಉಳಿಯಲಿ ಎಂಬುದು ಈ ಸೀಮೆಯ ಎಷ್ಟೋ ಮನೆಗಳ ಹಾರೈಕೆ.